ಗಾಡಿ ಎತ್ತರಿಸಿದರೆ ಏನು ಸಿಗುತ್ತದೆ, ಏನು ಹೋಗುತ್ತದೆ?



ಮಿರಜದಿಂದ ಪೂರ್ವಕ್ಕೆ ಕವಠೇಮಹಾಂಕಾಳದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 166ರ ಮೇಲೆ ಗಾಡಿ ತಾಸಿಗೆ 80 ಕಿ.ಮೀ. ವೇಗದಲ್ಲಿ ಸಲೀಸಾಗಿ ಓಡುತ್ತದೆ. ಅದೇ ಗಾಡಿ ಹೆದ್ದಾರಿ ಬಿಟ್ಟು ಜತ್ತ ತಾಲ್ಲೂಕಿನ ಯಾವುದೋ ವಸ್ತಿಯ ಹಾದಿ ಹಿಡಿಯಿತು ಅನ್ನಿ. ಟ್ರ್ಯಾಕ್ಟರ್ ಗಾಲಿ ಕೊರೆದ ಎರಡು ಗುಂಡಿಗಾಲುವೆ, ನಡುವೆ ಹುಲ್ಲು ಬೆಳೆದ ದಿಂಡು, ಮುಂದೆ ಹಳ್ಳದ ಇಳಿಜಾರು, ಆಮೇಲೆ ಕಾಲುವೆಯ ಏರಿ. ಬೆಳಿಗ್ಗೆ ಒಂದು ರಸ್ತೆ, ಮಧ್ಯಾಹ್ನ ಇನ್ನೊಂದು. ಗಾಡಿ ಮಾತ್ರ ಒಂದೇ.

ಹೀಗಾಗಿಯೇ ನಮ್ಮ ಶಾಲೆಗಳಲ್ಲಿ ಕಲಿತು ಹೋದ ಹುಡುಗರು ಗಾಡಿ ಕೊಂಡ ಆರು ತಿಂಗಳೊಳಗೆ "ಸರ್, ಎರಡಿಂಚು ಎತ್ತರ ಮಾಡಿಸೀನ್ರಿ, ಈಗ ಎಲ್ಲಿ ಬೇಕಾದಲ್ಲಿ ಹೋಗ್ತದ" ಅಂತ ಹೇಳೋದು. ನೀವೂ ಕೇಳಿರುತ್ತೀರಿ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧ ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ ಇದೆ. ಆ ಅರ್ಧವನ್ನು ಅವರಿಗೆ ಹೇಳಿಕೊಡಬೇಕಾದವರು ನಾವೇ. ಯಾಕಂದ್ರ ಗ್ಯಾರೇಜಿನವರು ಅದನ್ನು ಹೇಳುವುದಿಲ್ಲ, ರಸ್ತೆ ಹೇಳುವ ಹೊತ್ತಿಗೆ ತಡವಾಗಿರುತ್ತದೆ.

ಮೊದಲು ಲಾಭದ ಲೆಕ್ಕ

ಕಚ್ಚಾ ಹಾದಿಯಲ್ಲಿ ಗಾಡಿ ಸಿಕ್ಕಿಬೀಳುವುದು ನಾಲ್ಕು ರೀತಿ. ದಿಬ್ಬ ಏರುವಾಗ ಮುಂದಿನ ಬಂಪರ್ ಮಣ್ಣಿಗೆ ತಾಗುತ್ತದೆ. ಇಳಿಯುವಾಗ ಹಿಂದಿನ ಬಂಪರ್ ತಾಗುತ್ತದೆ. ದಿಬ್ಬದ ನೆತ್ತಿಯ ಮೇಲೆ ಹೊಟ್ಟೆ ಕೂತುಬಿಡುತ್ತದೆ. ಇಲ್ಲವೇ ಗಾಲಿಗಳ ನಡುವಿನ ಕಲ್ಲು, ದಿಂಡು ಅಚ್ಚಿಗೆ ಬಡಿಯುತ್ತದೆ. ಮೊದಲ ಮೂರಕ್ಕೂ ಒಂದೊಂದು ಕೋನ ಇದೆ: ಏರುಕೋನ, ಇಳಿಕೋನ, ಹೊಟ್ಟೆಕೋನ. ನಾಲ್ಕನೆಯದಕ್ಕೆ ನೆಲದಂತರ, ಅಂದ್ರ ಎಲ್ಲರೂ ಗ್ರೌಂಡ್ ಕ್ಲಿಯರೆನ್ಸ್ ಅನ್ನುವ ಅಳತೆ.

ಹೊಟ್ಟೆಕೋನವನ್ನು ಮಕ್ಕಳೇ ಲೆಕ್ಕ ಮಾಡಬಹುದು. ಮುಂದಿನ ಮತ್ತು ಹಿಂದಿನ ಗಾಲಿ ನೆಲ ಮುಟ್ಟುವ ಎರಡು ಬಿಂದು, ಹೊಟ್ಟೆಯ ನಡುವಿನ ಒಂದು ಬಿಂದು, ಇಷ್ಟು ಸೇರಿದರೆ ಒಂದು ಚಪ್ಪಟೆ ತ್ರಿಕೋನ. ಮುಂದಿನ–ಹಿಂದಿನ ಗಾಲಿಗಳ ನಡುವೆ 245 ಸೆಂ.ಮೀ., ಹೊಟ್ಟೆ ನೆಲದಿಂದ 25 ಸೆಂ.ಮೀ. ಎತ್ತರ ಇದ್ದರೆ, ತ್ರಿಕೋನದ ಪಾದದ ಒಂದು ಕೋನದ ಟ್ಯಾಂಜೆಂಟ್ 25 ÷ 122.5, ಅಂದ್ರ 0.204. ಕೋನ ಸುಮಾರು 11.5 ಡಿಗ್ರಿ. ಎರಡೂ ಬದಿ ಸೇರಿ 23 ಡಿಗ್ರಿ. ಈ ಗಾಡಿಯನ್ನು 5 ಸೆಂ.ಮೀ. ಎತ್ತರಿಸಿದರೆ ಹೊಟ್ಟೆಕೋನ ಸುಮಾರು 27.5 ಡಿಗ್ರಿ ಆಗುತ್ತದೆ. ಕಾಲುವೆ ಏರಿ ದಾಟುವವನಿಗೆ ಈ ನಾಲ್ಕೂವರೆ ಡಿಗ್ರಿ ಸಣ್ಣ ಲಾಭ ಅಲ್ಲ.

ಆದರೆ ಇಲ್ಲೇ ಇನ್ನೊಂದು ಮಾತು ಗಮನಿಸ್ರಿ. ಅದೇ 30 ಸೆಂ.ಮೀ. ಎತ್ತರದ ಹೊಟ್ಟೆ, ಆದರೆ ಗಾಲಿಗಳ ನಡುವೆ 285 ಸೆಂ.ಮೀ. ಇರುವ ಉದ್ದನೆಯ ಗಾಡಿ ಅಂತ ತಗೊಂಡರೆ ಹೊಟ್ಟೆಕೋನ ಮತ್ತೆ 24 ಡಿಗ್ರಿಯ ಒಳಗೇ ಬರುತ್ತದೆ. ಗಾಡಿ 40 ಸೆಂ.ಮೀ. ಉದ್ದವಾಗಿದ್ದಕ್ಕೆ ಎತ್ತರಿಸಿದ ಲಾಭ ಹೆಚ್ಚುಕಡಿಮೆ ಪೂರ್ತಿ ಕರಗಿತು. ಗಿಡ್ಡ ಗಾಡಿಗೆ ಹುಟ್ಟಿನಿಂದಲೇ ಬಂದ ಗುಣವನ್ನು ಉದ್ದನೆಯ ಗಾಡಿಗೆ ಎತ್ತರದಿಂದ ತಂದುಕೊಡಲು ಹೋದರೆ ಬಹಳ ಎತ್ತರ ಬೇಕಾಗುತ್ತದೆ.

ಸ್ಪ್ರಿಂಗ್ ಎತ್ತಿದರೆ ಅಚ್ಚು ಏಳುವುದಿಲ್ಲ

ಬೊಲೆರೊದಂಥ ಗಾಡಿಯ ಹಿಂದೆ ಬಗ್ಗಿ ನೋಡ್ರಿ. ಎರಡು ಗಾಲಿಗಳ ನಡುವೆ ಒಂದೇ ಗಟ್ಟಿ ಅಚ್ಚು, ಅದರ ನಡುವೆ ಕುಂಬಳಕಾಯಿಯಂಥ ಉಬ್ಬು. ಅದೇ ಡಿಫರೆನ್ಶಿಯಲ್. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರ ಇರುವ ಭಾಗ ಅದು. ಟ್ರ್ಯಾಕ್ಟರ್ ಹಾದಿಯ ನಡುವಿನ ದಿಂಡಿಗೆ ಮೊದಲು ಬಡಿಯುವುದೂ ಅದೇ.

ಈಗ ಪಾಟಾ, ಅಂದ್ರ ಲೀಫ್ ಸ್ಪ್ರಿಂಗ್ ಕೆಳಗೆ ಒಂದು ಪಟ್ಟಿ ಸೇರಿಸಿಯೋ, ಉದ್ದನೆಯ ಶ್ಯಾಕಲ್ ಹಾಕಿಯೋ ಗಾಡಿ ಎತ್ತರಿಸಿದರೆ ಏನು ಏಳುತ್ತದೆ? ಸ್ಪ್ರಿಂಗ್ ಮೇಲಿರುವ ಬಾಡಿ ಏಳುತ್ತದೆ. ಸ್ಪ್ರಿಂಗ್ ಕೆಳಗಿರುವ ಅಚ್ಚು ಇದ್ದಲ್ಲೇ ಇರುತ್ತದೆ. ಏರುಕೋನ, ಇಳಿಕೋನ, ಹೊಟ್ಟೆಕೋನ ಹೆಚ್ಚಾದವು, ಆದರೆ ಡಿಫರೆನ್ಶಿಯಲ್ ಕೆಳಗಿನ ಜಾಗ ಒಂದು ಮಿಲಿಮೀಟರೂ ಹೆಚ್ಚಲಿಲ್ಲ. ದುಡ್ಡು ಕೊಟ್ಟವನು ಇದನ್ನು ತಿಳಿದುಕೊಳ್ಳುವುದು ಕಲ್ಲಿಗೆ ಬಡಿದಾಗಲೇ.

ಅಚ್ಚು ಏಳಬೇಕಾದರೆ ಗಾಲಿಯೇ ದೊಡ್ಡದಾಗಬೇಕು. ಬೊಲೆರೊಗೆ ಬರುವ 215/75 ಆರ್ 15 ಟಾಯರಿನ ವ್ಯಾಸ ಲೆಕ್ಕಕ್ಕೆ 703.5 ಮಿ.ಮೀ. ಅದರ ಬದಲು 235/75 ಆರ್ 15 ಹಾಕಿದರೆ 733.5 ಮಿ.ಮೀ. ವ್ಯಾಸ 30 ಮಿ.ಮೀ. ಹೆಚ್ಚಿತು, ಅಚ್ಚು ಏರಿದ್ದು ಅದರ ಅರ್ಧ, 15 ಮಿ.ಮೀ. ಅದಕ್ಕೂ ಬೆಲೆ ಉಂಟು. ಗಾಲಿ ಒಂದು ಸುತ್ತಿಗೆ ಶೇಕಡ 4ರಷ್ಟು ಹೆಚ್ಚು ದೂರ ಹೋಗುತ್ತದೆ. ಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ ಹೆಚ್ಚು, 62.5ರ ಲೆಕ್ಕದಲ್ಲಿ ಓಡುತ್ತಿರುತ್ತದೆ. ಬ್ರೇಕಿಗೂ ಎಂಜಿನ್ನಿಗೂ ಅಷ್ಟೇ ಹೆಚ್ಚು ಹೊರೆ. ತಿರುವಿನಲ್ಲಿ ಟಾಯರ್ ಮಡ್‌ಗಾರ್ಡಿಗೆ ತಿಕ್ಕುತ್ತದೆಯೋ ಅಂತ ಬೇರೆ ನೋಡಬೇಕು.

ದೊಡ್ಡ ಗಾಲಿಗೆ ಇನ್ನೊಂದು ಗುಣ ಇದೆ. ಅದನ್ನು ನಮ್ಮ ಹಿರಿಯರ ಚಕ್ಕಡಿ ಯಾವ ಸೂತ್ರವೂ ಇಲ್ಲದೆ ತೋರಿಸಿಕೊಟ್ಟಿತ್ತು. ಎದೆಮಟ್ಟದ ಕಟ್ಟಿಗೆಯ ಗಾಲಿ 10 ಸೆಂ.ಮೀ. ಕಲ್ಲನ್ನು ಹತ್ತುವಾಗ ಎಷ್ಟು ಎಳೆಯಬೇಕು? ಗಾಲಿಯ ತ್ರಿಜ್ಯ 70 ಸೆಂ.ಮೀ. ಆದರೆ ಅದರ ಮೇಲಿನ ಭಾರದ ಶೇಕಡ 60ರಷ್ಟು ಬಲ ಸಾಕು. ತ್ರಿಜ್ಯ ಅರ್ಧ, 35 ಸೆಂ.ಮೀ. ಆದರೆ ಹೆಚ್ಚುಕಡಿಮೆ ಪೂರ್ತಿ ಭಾರದಷ್ಟೇ ಬಲ ಬೇಕು. ಭ್ರಾಮಕದ ಪಾಠ ಆದ ಮೇಲೆ ಈ ಲೆಕ್ಕ ಕೊಟ್ಟು ನೋಡ್ರಿ, ಚಕ್ಕಡಿ ಗಾಲಿ ಅಷ್ಟು ದೊಡ್ಡದು ಯಾಕೆ ಅಂತ ಮಕ್ಕಳೇ ಹೇಳುತ್ತಾರೆ.

ಈಗ ನಷ್ಟದ ಲೆಕ್ಕ

ಗಾಡಿ ಉರುಳದೆ ನಿಲ್ಲುವುದು ಎರಡು ಅಳತೆಗಳ ಮೇಲೆ. ಒಂದು, ಎಡ ಗಾಲಿಗೂ ಬಲ ಗಾಲಿಗೂ ನಡುವಿನ ಅಗಲ. ಎರಡು, ಗುರುತ್ವ ಕೇಂದ್ರದ ಎತ್ತರ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಬರುವ ಅಂಕೆಗೆ ಸ್ಥಿರತಾ ಅಂಕ ಅನ್ನೋಣ. ಗಾಡಿಯನ್ನು ಹಲಗೆಯ ಮೇಲೆ ನಿಲ್ಲಿಸಿ ಒಂದು ಬದಿಯಿಂದ ನಿಧಾನ ಎತ್ತುತ್ತಾ ಹೋದರೆ ಅದು ಉರುಳುವ ಕೋನದ ಟ್ಯಾಂಜೆಂಟ್ ಇದೇ ಅಂಕ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2001ರ ಮಾದರಿಯ ವಾಹನಗಳಿಂದ ಶುರುಮಾಡಿ ಇದೇ ಅಂಕವನ್ನು ಹಿಡಿದು ವಾಹನಗಳಿಗೆ ನಕ್ಷತ್ರ ಕೊಟ್ಟಿತು. ಅಂಕ 1.45 ಅಥವಾ ಹೆಚ್ಚು ಇದ್ದರೆ ಐದು ನಕ್ಷತ್ರ. 1.03 ಅಥವಾ ಕಡಿಮೆ ಇದ್ದರೆ ಒಂದೇ.

ಒಂದು ಜೀಪಿನ ಉದಾಹರಣೆ ಕಟ್ಟೋಣ. ತೂಕ 1700 ಕಿಲೋ, ಗಾಲಿಗಳ ಅಗಲ 150 ಸೆಂ.ಮೀ., ಗುರುತ್ವ ಕೇಂದ್ರ ನೆಲದಿಂದ 70 ಸೆಂ.ಮೀ. ಅಂಕ 75 ÷ 70 = 1.07. ಉರುಳುಕೋನ ಸುಮಾರು 47 ಡಿಗ್ರಿ.

ಇದನ್ನು 5 ಸೆಂ.ಮೀ. ಎತ್ತರಿಸಿದರೆ, ಅಚ್ಚು ಮತ್ತು ಗಾಲಿಯ ತೂಕ ಕೆಳಗೇ ಉಳಿಯುವುದರಿಂದ, ಗುರುತ್ವ ಕೇಂದ್ರ ಸುಮಾರು 4 ಸೆಂ.ಮೀ. ಏರುತ್ತದೆ ಅನ್ನಿ. ಅಂಕ 75 ÷ 74 = 1.01. 10 ಸೆಂ.ಮೀ. ಎತ್ತರಿಸಿದರೆ 75 ÷ 78 = 0.96, ಕೋನ 44 ಡಿಗ್ರಿ.

"ಮೂರೇ ಡಿಗ್ರಿ ಅಲ್ಲೇನ್ರಿ?" ಅಂತ ಕೇಳಬಹುದು. ಆದರೆ ಈ ಲೆಕ್ಕ ಗಾಡಿಯನ್ನು ಕಲ್ಲಿನ ಗುಂಡಿನಂತೆ ಎಣಿಸಿದ್ದು. ನಿಜವಾದ ಗಾಡಿಗೆ ಸ್ಪ್ರಿಂಗ್ ಇದೆ. ತಿರುವಿನಲ್ಲಿ ಬಾಡಿ ಹೊರಗಡೆ ವಾಲುತ್ತದೆ, ಜೊತೆಗೆ ಗುರುತ್ವ ಕೇಂದ್ರವೂ ಹೊರಗಿನ ಗಾಲಿಯ ಕಡೆ ಸರಿಯುತ್ತದೆ. ಎತ್ತರ ಹೆಚ್ಚಿದಷ್ಟೂ ವಾಲುವುದು ಹೆಚ್ಚು. ಮೆತ್ತಗಿನ ಸ್ಪ್ರಿಂಗ್ ಆದರೆ ಇನ್ನೂ ಹೆಚ್ಚು. ಹಳೆಯ ಶಾಕ್ ಅಬ್ಸಾರ್ಬರ್ ಹಾಗೇ ಬಿಟ್ಟರೆ ಒಮ್ಮೆ ಎಡಕ್ಕೆ ವಾಲಿದ್ದು ಬಲಕ್ಕೆ ವಾಪಸು ಬರುವಾಗ ಉಯ್ಯಾಲೆಯಂತೆ ಇನ್ನಷ್ಟು ಜೋರಾಗಿ ಬರುತ್ತದೆ.

ಇದನ್ನು ಇನ್ನೊಂದು ಬಗೆಯಲ್ಲೂ ನೋಡಬಹುದು. ಉರುಳುವ ಮೊದಲು ಗಾಡಿಯ ಗುರುತ್ವ ಕೇಂದ್ರ ಹೊರಗಾಲಿಯ ಮೇಲೆ ಕಮಾನಿನಂತೆ ಏರಿ ನೆತ್ತಿ ದಾಟಬೇಕು. ಪೈಥಾಗೊರಸ್ ಹಾಕಿದರೆ ನಮ್ಮ ಜೀಪಿಗೆ ಆ ಏರಿಕೆ ಸುಮಾರು 33 ಸೆಂ.ಮೀ. 10 ಸೆಂ.ಮೀ. ಎತ್ತರಿಸಿದ ಮೇಲೆ 30 ಸೆಂ.ಮೀ. ಗಾಡಿ ಎತ್ತರವಾಯಿತು, ಅದನ್ನು ಕಾಯುವ ದಿಬ್ಬ ತಗ್ಗಾಯಿತು.

ಇದರಲ್ಲಿ ನಮ್ಮ ಭಾಗಕ್ಕೆ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಬೇರೆಯೇ ಇದೆ. ಎತ್ತರಿಸದ ಅದೇ ಜೀಪಿನ ಟಪ್ಪಿನ ಮೇಲೆ, ನೆಲದಿಂದ 2 ಮೀಟರ್ ಎತ್ತರದಲ್ಲಿ, 100 ಕಿಲೋ ಸಾಮಾನು ಕಟ್ಟಿದರೆ ಗುರುತ್ವ ಕೇಂದ್ರ 70ರಿಂದ 77 ಸೆಂ.ಮೀ.ಗೆ ಏರುತ್ತದೆ. ಅಂದ್ರ 10 ಸೆಂ.ಮೀ. ಎತ್ತರಿಸಿದ್ದಕ್ಕೆ ಹೆಚ್ಚುಕಡಿಮೆ ಸಮ. ಜಾತ್ರೆಗೋ ಮದುವೆಗೋ ಹೊರಟು ಟಪ್ಪಿನ ಮೇಲೆ ಎರಡು ಚೀಲ ಜೋಳ ಹೇರಿದವನು, ಗ್ಯಾರೇಜಿಗೆ ಹೋಗದೆಯೇ ಗಾಡಿಯನ್ನು ನಾಲ್ಕಿಂಚು ಎತ್ತರಿಸಿದಂತಾಯಿತು. ಗಾಡಿ ಮೊದಲೇ ಎತ್ತರಿಸಿದ್ದು, ಅದರ ಮೇಲೆ ಚೀಲ ಬೇರೆ ಅಂದರೆ ಎರಡೂ ಕೂಡಿಕೊಳ್ಳುತ್ತವೆ.

ಡಾಂಬರಿನ ಅಂಚು

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಒಣ ಡಾಂಬರಿನ ಮೇಲೆ ಟಾಯರಿನ ಘರ್ಷಣಾಂಕ ಸುಮಾರು 0.7ರಿಂದ 0.9. ನಮ್ಮ ಜೀಪಿನ ಸ್ಥಿರತಾ ಅಂಕ ಎತ್ತರಿಸಿದ ಮೇಲೂ 0.96. ಘರ್ಷಣೆ ಸ್ಥಿರತಾ ಅಂಕಕ್ಕಿಂತ ಕಡಿಮೆ ಇದ್ದರೆ ಗಾಡಿ ಉರುಳುವ ಮೊದಲೇ ಅಡ್ಡ ಜಾರಬೇಕಲ್ಲವೇ? ಹೌದು, ಸಮತಟ್ಟಾದ ರಸ್ತೆಯಲ್ಲಿ ಬಹಳ ಸಲ ಹಾಗೇ ಆಗುತ್ತದೆ. ಎತ್ತರಿಸಿದ ಗಾಡಿ ಓಡಿಸುವವನಿಗೆ ವರ್ಷಗಟ್ಟಲೆ ಏನೂ ಆಗದೆ ಇರುವುದಕ್ಕೂ, "ನೋಡ್ರಿ, ಏನೂ ಆಗಂಗಿಲ್ಲ" ಅಂತ ಅವನು ಹೇಳುವುದಕ್ಕೂ ಇದೇ ಕಾರಣ.

ಆದರೆ ಅದೇ ಅಮೆರಿಕದ ಇಲಾಖೆ ಹೇಳುವಂತೆ, ಒಂದೇ ವಾಹನ ತಾನಾಗಿ ಉರುಳಿದ ಅಪಘಾತಗಳಲ್ಲಿ ಶೇಕಡ 95ರಷ್ಟು ಎಡವಿ ಉರುಳಿದವು. ಅಡ್ಡ ಜಾರುತ್ತಿರುವ ಗಾಲಿ ಮೆತ್ತಗಿನ ಮಣ್ಣಿಗೆ, ಕಟ್ಟೆಗೆ ಅಥವಾ ತಗ್ಗಿಗೆ ಸಿಕ್ಕಿ ಗಕ್ಕನೆ ನಿಲ್ಲುತ್ತದೆ. ಕೆಳಗೆ ಗಾಲಿ ನಿಂತಿತು, ಮೇಲೆ ಗಾಡಿ ನಿಲ್ಲಲಿಲ್ಲ. ಕಾಲು ಎಡವಿದ ಮನುಷ್ಯ ಮುಂದಕ್ಕೆ ಬೀಳುವುದೂ ಇದೇ ಜಡತ್ವದಿಂದ. ಎಡವಿದಾಗ ಟಾಯರಿನ ಘರ್ಷಣಾಂಕಕ್ಕೆ ಬೆಲೆ ಇಲ್ಲ. ಗಾಡಿಯನ್ನು ಕಾಯುವುದು ಅಗಲ ಮತ್ತು ಎತ್ತರದ ಲೆಕ್ಕ ಮಾತ್ರ.

ಈಗ ನಿಮ್ಮ ಶಾಲೆಯ ರಸ್ತೆಯನ್ನು ನೆನಪಿಸಿಕೊಳ್ಳಿ. ಮಿರಜದಿಂದ ಮ್ಹೈಸಾಳದ ಮೇಲೆ ಕಾಗವಾಡಕ್ಕೆ ಬರುವ ಬಯಲೇ ಇರಲಿ, ಜತ್ತದ ಒಳರಸ್ತೆಯೇ ಇರಲಿ, ಡಾಂಬರ್ ಮುಗಿದಲ್ಲಿ ಏನಿದೆ? ಬಹಳ ಕಡೆ ಎರೆ ಮಣ್ಣು. ಒಂದು ಮಳೆಗಾಲ ಹೋದರೆ ಮಣ್ಣು ಕೊಚ್ಚಿ ಡಾಂಬರಿನ ಅಂಚು ಮೆಟ್ಟಿಲಿನಂತೆ ನಿಲ್ಲುತ್ತದೆ. ಎದುರಿನ ಲಾರಿಗೆ ದಾರಿ ಬಿಡಲು ಎಡ ಗಾಲಿ ಕೆಳಗೆ ಇಳಿಯುತ್ತದೆ. ಚಾಲಕ ಗಾಬರಿಯಿಂದ ಸ್ಟಿಯರಿಂಗ್ ಬಲಕ್ಕೆ ಎಳೆಯುತ್ತಾನೆ. ಗಾಲಿ ಮೊದಲು ಅಂಚಿಗೆ ತಿಕ್ಕಿ ಏರುವುದಿಲ್ಲ, ಆಮೇಲೆ ಒಮ್ಮೆಲೇ ಏರಿಬಿಡುತ್ತದೆ. ಗಾಡಿ ಅಡ್ಡ ಹೊರಳಿ ರಸ್ತೆಯ ಆ ಬದಿಯ ಮಣ್ಣಿಗೆ ಹೋಗಿ ಎಡವುತ್ತದೆ. ಕಚ್ಚಾ ಹಾದಿಗೆ ಅಂತ ಎತ್ತರಿಸಿದ ಗಾಡಿಯ ಅಪಾಯ ಕಚ್ಚಾ ಹಾದಿಯಲ್ಲಿ ಇಲ್ಲ, ಅಲ್ಲಿ ವೇಗವೇ ಇಲ್ಲ. ಅಪಾಯ ಇರುವುದು ಡಾಂಬರೂ ಎರೆ ಮಣ್ಣೂ ಕೂಡುವ ಈ ಗೇಣಗಲ ಜಾಗದಲ್ಲಿ.

ಅಂಚು ಇಳಿದಾಗ ಮಾಡಬೇಕಾದದ್ದು ಒಂದೇ: ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ಪೂರ್ತಿ ಇಳಿದ ಮೇಲೆ ನಿಧಾನ ಮೇಲೇರುವುದು. ಗಾಡಿ ಓಡಿಸುವ ಹಳೆಯ ವಿದ್ಯಾರ್ಥಿಗಳಿಗೆ ಈ ಒಂದು ವಾಕ್ಯ ಹೇಳಿದರೂ ಲೇಖನದ ಕೆಲಸ ಆದಂತೆ.

ಗೂಳಿಯೂ ಟ್ರಾಲಿಯೂ

1997ರ ಅಕ್ಟೋಬರ್ 21ರಂದು ಸ್ವೀಡನ್ನಿನ ಟೆಕ್ನಿಕೆನ್ಸ್ ವಾರ್ಲ್ಡ್ ಎಂಬ ಪತ್ರಿಕೆಯವರು ಹೊಸ ಮರ್ಸಿಡಿಸ್ ಎ-ಕ್ಲಾಸ್ ಕಾರನ್ನು ಪರೀಕ್ಷೆಗೆ ಒಡ್ಡಿದರು. ಅಲ್ಲಿಯ ಕಾಡುರಸ್ತೆಯಲ್ಲಿ ಮೂಸ್ ಎಂಬ ದೊಡ್ಡ ಜಿಂಕೆ ಅಡ್ಡ ಬರುತ್ತದೆ. ಅದನ್ನು ತಪ್ಪಿಸಲು ಗಕ್ಕನೆ ಎಡಕ್ಕೆ, ಮರುಕ್ಷಣ ಬಲಕ್ಕೆ ತಿರುಗಿಸುವ ಪರೀಕ್ಷೆ ಅದು. ಗಿಡ್ಡವೂ ಎತ್ತರವೂ ಆದ ಆ ಕಾರು ಮಗುಚಿತು. ಕಂಪನಿ ಕಾರು ಕೊಡುವುದನ್ನು ನಿಲ್ಲಿಸಿ, ಸಸ್ಪೆನ್ಶನ್ ಬದಲಿಸಿ, ಗಾಡಿ ಅಡ್ಡ ಹೊರಳದಂತೆ ಒಂದೊಂದು ಗಾಲಿಗೆ ಬೇರೆಬೇರೆ ಬ್ರೇಕ್ ಹಾಕುವ ಇಎಸ್‌ಪಿ ಎಂಬ ವ್ಯವಸ್ಥೆಯನ್ನು ಎಲ್ಲಾ ಎ-ಕ್ಲಾಸ್ ಕಾರುಗಳಿಗೂ ಕೂಡಿಸಿತು.

ನಮ್ಮಲ್ಲಿ ಮೂಸ್ ಇಲ್ಲ. ಎಮ್ಮೆ ಇದೆ, ಕುರಿಹಿಂಡು ಇದೆ, ಸಂತೆ ದಿನ ಗೂಳಿ ಇದೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ದಾರಿಯಲ್ಲಿ ಹಿಂದೀಪ ಇಲ್ಲದೆ ನಿಂತ ಟ್ರಾಲಿ ಇದೆ. ಸ್ವೀಡನ್ನಿನವರು ಮೈದಾನದಲ್ಲಿ ಮಾಡುವ ಪರೀಕ್ಷೆಯನ್ನು ನಮ್ಮ ಚಾಲಕ ರಾತ್ರಿ ಎಂಟಕ್ಕೆ ಮನೆಗೆ ಬರುವಾಗ ಮಾಡುತ್ತಾನೆ. ಕಾರ್ಖಾನೆಯ ಎಂಜಿನಿಯರರು ಇಎಸ್‌ಪಿಯನ್ನು ಹೊಂದಿಸಿರುವುದು ಮೂಲ ಎತ್ತರಕ್ಕೆ, ಮೂಲ ಟಾಯರಿಗೆ. ಎತ್ತರ ಬದಲಿಸಿದ ಮೇಲೆ ಆ ಕಾವಲುಗಾರನಿಗೆ ಗಾಡಿಯ ಹೊಸ ಅಳತೆ ಗೊತ್ತಿರುವುದಿಲ್ಲ.

ಕಬ್ಬಿನ ಟ್ರಾಲಿಯನ್ನೇ ಲೆಕ್ಕಕ್ಕೆ ತಗೊಳ್ಳಿ. ಗಾಲಿಗಳ ಅಗಲ 1.6 ಮೀಟರ್, ತುಂಬಿದ ಮೇಲೆ ಗುರುತ್ವ ಕೇಂದ್ರ 1.6 ಮೀಟರ್ ಎತ್ತರ ಅಂತ ಇಟ್ಟುಕೊಂಡರೆ ಸ್ಥಿರತಾ ಅಂಕ ಬರೀ 0.5, ಉರುಳುಕೋನ 27 ಡಿಗ್ರಿಯ ಒಳಗೆ. ಒಣ ರಸ್ತೆಯ ಘರ್ಷಣಾಂಕಕ್ಕಿಂತ ಇದು ಕಡಿಮೆ. ಅಂದ್ರ ಇದಕ್ಕೆ ಎಡವುವುದೂ ಬೇಕಿಲ್ಲ, ಜೋರಾದ ತಿರುವೇ ಸಾಕು. ಟ್ರಾಲಿ ಪಕ್ಕದಲ್ಲಿ ಸೈಕಲ್ ಹೊಡೆಯುತ್ತಾ, ಕಬ್ಬು ಎಳೆಯುತ್ತಾ ಬರುವ ಮಕ್ಕಳಿಗೆ ಈ ಅಂಕೆಯನ್ನು ಬೋರ್ಡಿನ ಮೇಲೆ ಬರೆದು ತೋರಿಸ್ರಿ. ಬೈದು ಹೇಳಿದ್ದಕ್ಕಿಂತ ಹೆಚ್ಚು ನೆನಪಿರುತ್ತದೆ.

ಎರೆ ಮಣ್ಣು ಮತ್ತು ಹೊಳೆ ನೀರು

ಗಾಡಿ ಎತ್ತರಿಸುವವರು ಕೊಡುವ ಕಾರಣ ಎರಡು: ಮಳೆಗಾಲದ ಕೆಸರು, ಮಹಾಪೂರ. ಎರಡನ್ನೂ ನೋಡೋಣ.

ನಮ್ಮ ಎರೆ ಮಣ್ಣು ಬಸಾಲ್ಟ್ ಕಲ್ಲು ಕರಗಿ ಆದದ್ದು. ಅದರಲ್ಲಿ ನೀರು ಹೀರಿ ಉಬ್ಬುವ ಜೇಡಿ ಹೆಚ್ಚು. ಮೊದಲ ಮಳೆಗೆ ಅದು ಟಾಯರಿನ ಗಾಳಗಳೊಳಗೆ ಅಂಟಿ ತುಂಬಿಕೊಂಡು, ಹಲ್ಲಿರುವ ಟಾಯರನ್ನು ನುಣ್ಣಗಿನ ಟಾಯರ್ ಮಾಡಿಬಿಡುತ್ತದೆ. ಅಲ್ಲಿ ಗಾಡಿ ನಿಲ್ಲುವುದು ಹೊಟ್ಟೆ ತಾಗಿ ಅಲ್ಲ, ಹಿಡಿತ ತಪ್ಪಿ. ಹೊಟ್ಟೆ ಎರಡಿಂಚು ಮೇಲಿದ್ದರೆ ಹಿಡಿತ ಹೆಚ್ಚುವುದಿಲ್ಲ. ಹಿಡಿತಕ್ಕೆ ಬೇಕಾದದ್ದು ಅಗಲ ಹಲ್ಲಿನ ಟಾಯರ್ ಮತ್ತು ಕಡಿಮೆ ಗಾಳಿ. ಒಂದು ಗಾಲಿಯ ಮೇಲೆ 425 ಕಿಲೋ ಭಾರ ಇದ್ದು ಗಾಳಿಯ ಒತ್ತಡ 32 ಪಿಎಸ್‌ಐ ಇದ್ದರೆ ಟಾಯರ್ ನೆಲ ಮುಟ್ಟುವ ಜಾಗ ಸುಮಾರು 190 ಚದರ ಸೆಂ.ಮೀ. 18ಕ್ಕೆ ಇಳಿಸಿದರೆ ಸುಮಾರು 335. ಖರ್ಚು ಸೊನ್ನೆ. ಆದರೆ ಕಡಿಮೆ ಗಾಳಿಯಲ್ಲಿ ಡಾಂಬರಿನ ಮೇಲೆ ಜೋರಾಗಿ ಓಡಿಸಿದರೆ ಟಾಯರ್ ಕಾಯ್ದು ಹರಿಯುತ್ತದೆ. ಆದ್ದರಿಂದ ಪಕ್ಕಾ ರಸ್ತೆ ಸೇರಿದ ಕೂಡಲೇ ಗಾಳಿ ತುಂಬಿಸಲೇಬೇಕು. ಜೊತೆಯಲ್ಲಿ ಒಂದು ಸಣ್ಣ ಪಂಪು ಇಟ್ಟುಕೊಂಡವನಿಗೆ ಮಾತ್ರ ಈ ಉಪಾಯ.

ಇನ್ನು ಮಹಾಪೂರ. ಸಾಂಗ್ಲಿಯ ಐರ್ವಿನ್ ಸೇತುವೆಯ ಹತ್ತಿರ ಕೃಷ್ಣೆಯ ಅಪಾಯದ ಗುರುತು 45 ಅಡಿ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ಮುಟ್ಟಿತ್ತು. 2021ರ ಜುಲೈನಲ್ಲಿ ಮತ್ತೆ ಊರೊಳಗೆ ಬಂತು. ಅಂಥ ನೀರಿನ ಮುಂದೆ ಎರಡಿಂಚು ಏನು ಮಾಡೀತು? 2020ರಲ್ಲಿ ಬಂದ ಹೊಸ ಥಾರ್ ಗಾಡಿಗೆ ಕಂಪನಿಯೇ ಹೇಳಿರುವ ನೆಲದಂತರ 226 ಮಿ.ಮೀ., ನೀರಿನಲ್ಲಿ ಇಳಿಯಬಹುದಾದ ಆಳ 650 ಮಿ.ಮೀ. ಅದು ನಿಂತ ನೀರಿನ ಮಾತು.

ಹರಿಯುವ ನೀರಿನ ಲೆಕ್ಕ ಬೇರೆ. ಗಾಡಿಯ ತಳ 4 ಮೀಟರ್ ಉದ್ದ, 1.7 ಮೀಟರ್ ಅಗಲ ಅನ್ನಿ. ತಳದ ಮೇಲೆ ನೀರು 10 ಸೆಂ.ಮೀ. ಏರಿದರೆ ಆರ್ಕಿಮಿಡೀಸ್ ತತ್ತ್ವದಂತೆ ಮೇಲ್ಮುಖ ಬಲ 680 ಕಿಲೋ ತೂಕದಷ್ಟು. ಬಾಗಿಲ ಸಂದಿಯಿಂದ ನೀರು ಒಳಬರುವ ಮುಂಚೆ 25 ಸೆಂ.ಮೀ. ಏರಿದರೆ 1700 ಕಿಲೋ ಗಾಡಿ ತೇಲುತ್ತದೆ. ತೇಲುವುದೂ ಬೇಡ, ಅರ್ಧ ತೂಕ ಹಗುರಾದರೆ ಹಿಡಿತವೂ ಅರ್ಧ. ಪಕ್ಕದಿಂದ ಬರುವ ಸೆಳವು ಉಳಿದ ಕೆಲಸ ಮಾಡುತ್ತದೆ. ಒಂದಡಿ ರಭಸದ ನೀರು ಬಹುತೇಕ ಕಾರುಗಳನ್ನು, ಎರಡಡಿ ನೀರು ದೊಡ್ಡ ಗಾಡಿಗಳನ್ನೂ ಒಯ್ಯಬಲ್ಲದು ಅಂತ ಅಮೆರಿಕದ ಹವಾಮಾನ ಇಲಾಖೆ ಎಚ್ಚರಿಸುತ್ತದೆ. ಎತ್ತರಿಸಿದ ಗಾಡಿಯಿಂದ ಇಲ್ಲಿ ಬರುವ ನಿಜವಾದ ಕೆಡುಕು ಧೈರ್ಯ. ಬೇರೆಯವರು ನಿಂತಲ್ಲಿ ಇವನು ಇಳಿಯುತ್ತಾನೆ.

ಹಾಗಾದರೆ ಏನು ಮಾಡಬೇಕು?

1948ರಲ್ಲಿ ಫ್ರಾನ್ಸಿನ ಸಿಟ್ರೋಎನ್ ಕಂಪನಿ 2ಸಿವಿ ಎಂಬ ರೈತರ ಕಾರನ್ನು ತಂದಿತು. ಅದನ್ನು ರೂಪಿಸುವವರಿಗೆ ಕೊಟ್ಟಿದ್ದ ಷರತ್ತುಗಳಲ್ಲಿ ಒಂದು, ಉತ್ತ ಹೊಲದಲ್ಲಿ ಮೊಟ್ಟೆಯ ಬುಟ್ಟಿ ಇಟ್ಟುಕೊಂಡು ಹೋದರೂ ಮೊಟ್ಟೆ ಒಡೆಯಬಾರದು. ಅವರು ಗಾಡಿಯನ್ನು ಆಕಾಶಕ್ಕೆ ಎತ್ತಲಿಲ್ಲ. ಗಾಲಿ ಮೇಲೆ ಕೆಳಗೆ ಬಹಳ ದೂರ ಆಡುವಂಥ ಮೆತ್ತನೆಯ ಸ್ಪ್ರಿಂಗ್ ಕೊಟ್ಟು, ಗಾಡಿಯನ್ನು ಹಗುರ ಇಟ್ಟರು.

ಇದರ ಒಳಗಿನ ಮಾತು ಏನಂದ್ರ, ಕಚ್ಚಾ ಹಾದಿಯಲ್ಲಿ ಗೆಲ್ಲುವುದು ಎತ್ತರ ಅಲ್ಲ, ನಾಲ್ಕೂ ಗಾಲಿ ನೆಲ ಬಿಡದೆ ಇರುವುದು. ಪಾಟಾಕ್ಕೆ ಹೆಚ್ಚಿನ ಪಟ್ಟಿ ಸೇರಿಸಿ ಎತ್ತರಿಸಿದಾಗ ಸ್ಪ್ರಿಂಗ್ ಗಡುಸಾಗುತ್ತದೆ. ತಗ್ಗು ಬಂದಾಗ ಗಾಲಿ ಕೆಳಗೆ ಇಳಿಯದೆ ಗಾಳಿಯಲ್ಲಿ ತೂಗುತ್ತದೆ. ಸಾಮಾನ್ಯ ಡಿಫರೆನ್ಶಿಯಲ್ ಗಾಳಿಯಲ್ಲಿರುವ ಆ ಗಾಲಿಯನ್ನೇ ಸುಮ್ಮನೆ ತಿರುಗಿಸುತ್ತದೆ. ಗಾಡಿ ಎತ್ತರವಾಯಿತು, ಹೊಲದಲ್ಲಿ ಹೋಗುವ ಶಕ್ತಿ ಕಡಿಮೆಯಾಯಿತು, ರಸ್ತೆಯ ಮೇಲಿನ ಸ್ಥಿರತೆಯೂ ಹೋಯಿತು. ಎರಡೂ ಕಡೆ ನಷ್ಟದ ವ್ಯಾಪಾರ.

ಆದ್ದರಿಂದ ಕೇಳಿದವರಿಗೆ ಈ ಕ್ರಮ ಹೇಳ್ರಿ. ಮೊದಲು ಟಪ್ಪಿನ ಭಾರ ಇಳಿಸಲಿ. ಎರಡನೆಯದು, ಗಾಳಿಯ ಒತ್ತಡ ಇಳಿಸಿ ಏರಿಸುವ ರೂಢಿ. ಮೂರನೆಯದು, ಕಂಪನಿ ಒಪ್ಪಿದ ಅಳತೆಯಲ್ಲೇ ಒಳ್ಳೆಯ ಹಲ್ಲಿನ ಟಾಯರ್. ನಾಲ್ಕನೆಯದು, ಸವೆದ ಶಾಕ್ ಅಬ್ಸಾರ್ಬರ್, ಕೂತುಹೋದ ಸ್ಪ್ರಿಂಗ್ ಬದಲಿಸುವುದು. ಹಳೆಯ ಗಾಡಿಯ ಪಾಟಾ ಕಾಲ ಹೋದಂತೆ ಕುಸಿದಿರುತ್ತದೆ. ಅದನ್ನು ಹೊಸದು ಮಾಡಿದರೆ ಕಳೆದುಹೋದ ಎತ್ತರ ನ್ಯಾಯವಾಗಿಯೇ ವಾಪಸು ಬರುತ್ತದೆ. ಐದನೆಯದು, ಎಂಜಿನ್ ಕೆಳಗೆ ಒಂದು ಕಾವಲು ತಗಡು. ಹತ್ತರಲ್ಲಿ ಎಂಟು ಜನರ ಅಗತ್ಯ ಇಷ್ಟರಲ್ಲಿ ತೀರುತ್ತದೆ ಅಂತ ನನ್ನ ಅನಿಸಿಕೆ.

ಇಷ್ಟಾದ ಮೇಲೂ ಎತ್ತರಿಸುತ್ತೇನೆ ಅನ್ನುವವನಿಗೆ ಕಾನೂನಿನ ಮಾತನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಕಾಯ್ದೆ ಒಪ್ಪದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವಿಮೆಯವರು ಅಪಘಾತದ ನಂತರ ಮೊದಲು ನೋಡುವುದೂ ಇಂಥದ್ದನ್ನೇ.

ತರಗತಿಯಲ್ಲಿ

ಈ ಪಾಠಕ್ಕೆ ಬೇಕಾದದ್ದು ಒಂದು ಹಲಗೆ, ಕೋನಮಾಪಕ, ಖಾಲಿ ಚಾಕ್‌ಪೀಸ್ ಡಬ್ಬಿ, ನಾಲ್ಕು ಬಾಟಲಿ ಮುಚ್ಚಳ, ಹತ್ತು ನಾಣ್ಯ, ಅಂಟುಪಟ್ಟಿ. ಡಬ್ಬಿಗೆ ಮುಚ್ಚಳದ ಗಾಲಿ ಅಂಟಿಸಿ. ಕೆಳಗಿನ ಬದಿಯ ಗಾಲಿಗೆ ತಾಗುವಂತೆ ಹಲಗೆಯ ಮೇಲೆ ತೆಳು ಪಟ್ಟಿಯೊಂದನ್ನು ಅಂಟಿಸಿದರೆ ಡಬ್ಬಿ ಜಾರುವುದಿಲ್ಲ. ಅದೇ ನಮ್ಮ ಎಡವುಗಲ್ಲು.

ಮೊದಲ ಸಲ ಹತ್ತೂ ನಾಣ್ಯ ಡಬ್ಬಿಯ ತಳಕ್ಕೆ ಅಂಟಿಸಿ, ಹಲಗೆ ಎತ್ತಿ, ಉರುಳಿದ ಕೋನ ಬರೆದುಕೊಳ್ಳಿ. ಎರಡನೇ ಸಲ ಐದು ತಳಕ್ಕೆ, ಐದು ನೆತ್ತಿಗೆ. ಮೂರನೇ ಸಲ ಹತ್ತೂ ನೆತ್ತಿಗೆ. ಪ್ರತಿ ಸಲ ಎತ್ತುವ ಮುಂಚೆ ಮಕ್ಕಳು ಕೋನವನ್ನು ಊಹಿಸಿ ಬರೆಯಲಿ. ಆಮೇಲೆ ಕೋನದ ಟ್ಯಾಂಜೆಂಟ್ ನೋಡಿ, ಗಾಲಿಗಳ ಅಗಲ ಅಳೆದು, ಗುರುತ್ವ ಕೇಂದ್ರ ಎಷ್ಟು ಎತ್ತರದಲ್ಲಿದೆ ಅಂತ ಹಿಂದಿನಿಂದ ಲೆಕ್ಕ ಹಾಕಲಿ. ತ್ರಿಕೋನಮಿತಿ ಯಾಕೆ ಕಲಿಯಬೇಕು ಅನ್ನುವ ಪ್ರಶ್ನೆಗೆ ಅಂದು ಉತ್ತರ ಹೇಳುವ ಕೆಲಸ ನಿಮಗಿರುವುದಿಲ್ಲ.

ಮನೆಗೆಲಸವಾಗಿ ಇನ್ನೊಂದು ಅಳತೆ ಕೊಡ್ರಿ. ಶಾಲೆಯ ಮುಂದಿನ ರಸ್ತೆಯಲ್ಲಿ ಹಿರಿಯರ ಜೊತೆ ನಿಂತು, ಡಾಂಬರಿನ ಅಂಚಿನಿಂದ ಮಣ್ಣು ಎಷ್ಟು ಸೆಂ.ಮೀ. ಕೆಳಗಿದೆ ಅಂತ ಹತ್ತು ಕಡೆ ಸ್ಕೇಲ್ ಹಿಡಿದು ಅಳೆಯಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿ ಆದ ಮೇಲೆ ಒಮ್ಮೆ. ಆ ಕೋಷ್ಟಕದ ಒಂದು ಪ್ರತಿಯನ್ನು ಮುಖ್ಯಾಧ್ಯಾಪಕರ ಸಹಿಯೊಂದಿಗೆ ಗ್ರಾಮ ಪಂಚಾಯಿತಿಗೆ ಕೊಡಿ. ಅಂಚಿಗೆ ಎರಡು ಟ್ರಾಲಿ ಮುರಮು ಬಿದ್ದರೆ, ಊರಿನ ಎತ್ತರದ ಗಾಡಿ, ಗಿಡ್ಡ ಗಾಡಿ, ಕಬ್ಬಿನ ಟ್ರಾಲಿ, ಮಕ್ಕಳ ಸೈಕಲ್ ಎಲ್ಲಕ್ಕೂ ಅದು ಒಂದೇ ಸಲಕ್ಕೆ ಆದ ರಿಪೇರಿ.